ಕುಂತ ಮೋಡ

“ಸಾವ್ಕಾರ್ರ, ನಿಮ್ಮ ಮದುಮಗಳು ನನ್ನ ಪೆಂಡಾಲ್ ಕೀಳಾಕತ್ತಾಳ್ರಿ!”

ಶಾಮಿಯಾನದ ನಸೀರುದ್ದೀನ ಫೋನಿನಲ್ಲಿ ಕೂಗಿದ ರಭಸಕ್ಕೆ, ಸುರಪುರದ ಬಜಾರಿನಲ್ಲಿ ಬಾಳೆಎಲೆ ಆರಿಸುತ್ತಿದ್ದ ಜಗದೇವಪ್ಪನ ಕೈಯಿಂದ ಕಟ್ಟು ಜಾರಿತು. ನಾಳೆಯೇ ಮಗಳು ಕಸ್ತೂರಿಯ ಮದುವೆ. ಅವನೂರಲ್ಲಿ ಬೇಸಿಗೆ ಮದುವೆ ಎಂದರೆ ಊಟ ಒಣಗಿದ ಹಳ್ಳದಲ್ಲೇ. ತಂಪು ಉಸುಕು, ದಂಡೆಯ ಹೊಂಗೆ ನೆರಳು, ಇನ್ನೇನು ಬೇಕು?

ಟಂಟಂ ಆಟೋ ಹಿಡಿದು ಓಡಿ ಬಂದರೆ, ಕಸ್ತೂರಿ ಅರಿಶಿನದ ಮೈಯಲ್ಲೇ ಸೆರಗು ಸಿಕ್ಕಿಸಿ ಗೂಟದ ಹಗ್ಗ ಬಿಚ್ಚುತ್ತಿದ್ದಳು.

“ಹುಚ್ಚು ಹಿಡದದೇನ? ಬಿಸಲು ಸುಡಾಕತ್ತದ!”

“ಇಲ್ಲಿ ಅಲ್ಲಪ್ಪಾ, ಅಲ್ಲಿ ನೋಡು.” ಶಹಾಪುರದ ಕಡೆ, ಹಳ್ಳ ಹುಟ್ಟುವ ಗುಡ್ಡದ ನೆತ್ತಿಗೆ ಕಾಡಿಗೆ ಬಳಿದಂತಿತ್ತು. “ಗೆಳತಿ ಮಮ್ತಾಜ ಫೋನ್ ಮಾಡಿದ್ಳು. ಆ ಗುಡ್ಡದ ಬುಡಕ್ಕಿರೋ ಅವರೂರಾಗ ಮಧ್ಯಾಹ್ನದಿಂದ ಸುರಿಯಾಕತ್ತದಂತ. ಗಾಳಿ ಇಲ್ಲ, ಮೋಡ ಜಾಗಾನೇ ಬಿಡವಲ್ದಂತ.”

“ಬ್ಯಾಸಗಿ ಮಳಿ. ಬರ್ತದ, ಹೋಗ್ತದ.”

“ನಿಂತು ಮಾತಾಡಿ ಹೋಗೋ ಬೀಗರಿಗೆ ಒಂದ್ ಕಪ್ ಚಾ ಸಾಕು. ಪಂಕ್ತ್ಯಾಗ ಕುಂತವ್ರು? ಹಂಡೆ ತಳ ಕಾಣೋತನ ಏಳಂಗಿಲ್ಲ. ಆ ಮೋಡ ಕುಂತದಪ್ಪಾ!”

ನಸೀರುದ್ದೀನ ಕಿಸಕ್ಕನೆ ನಕ್ಕ. ಜಗದೇವಪ್ಪ ನಗಲಿಲ್ಲ.

“ನಾಳೆ ಬೀಗರು ಬಂದು ಪೆಂಡಾಲ್ ಎಲ್ಲಿ ಅಂದ್ರ ಏನ್ ಹೇಳ್ಲಿ? ನನ್ನ ಮಾನ?”

“ಪಂಕ್ತ್ಯಾಗ ಕುಂತಾಗ ನೀರು ಬಂದ್ರ, ಬೀಗರನ್ನ ಎಲ್ಲಿ ಹುಡುಕ್ತಿ?”

ಅವನ ಕಣ್ಣು ಉಸುಕಿನ ಮೇಲೆ ಆಗಲೇ ಹಾಸಿದ್ದ ಚಾಪೆಗಳ ಮೇಲೆ ಹರಿಯಿತು. ಮೊಣಕಾಲು ನೋವಿನ ಬೀಗಿತ್ತಿ ಎದ್ದು ದಂಡೆ ಹತ್ತುವುದೆಂದು? ಆಚೆ, ಒಲೆಯ ಮುಂದೆ ಹೆಂಡತಿ ಅನ್ನಮ್ಮ ಬೆನ್ನು ಬಗ್ಗಿಸಿ ಹೋಳಿಗೆ ಬೇಯಿಸುತ್ತಿದ್ದಳು. ನಾಳೆಯವರೆಗೆ ಯಾಕೆ? ಅವಳು ಈಗಲೇ ಹಳ್ಳದಲ್ಲಿದ್ದಳು.

“ನಸೀರ, ಆ ಹಂಡೆ ಕಿವಿ ಹಿಡಿ. ಏ ಅನ್ನಮ್ಮಾ, ಏಳು! ಎಲ್ಲಾರೂ ದಂಡಿ ಮ್ಯಾಲಿನ ಸಾಲಿ ಅಂಗಳಕ್ಕ ನಡೀರಿ!”

“ಹಂಚಿನ ಮ್ಯಾಲ ಹೋಳಿಗಿ ಅದ!”

“ಹಂಚು ಸೈತ ಏಳು!”

ದಂಡೆಯ ಮೇಲೆ ಕೊನೆಯ ಹಂಡೆ ಇಳಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ದೂರದಲ್ಲಿ ಗಿರಣಿ ತಿರುಗಿದಂಥ ಸದ್ದು. ಊರಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಕೆಂಪು ನೀರು ಮುಳ್ಳುಕಂಟಿ, ಚಪ್ಪಲಿ, ಯಾರದೋ ಕೊಡ ಎಲ್ಲವನ್ನೂ ದಬ್ಬಿಕೊಂಡು ತಿರುವಿನಲ್ಲಿ ಕಾಣಿಸಿತು. ನೋಡನೋಡುತ್ತ ಒಲೆಗಳಿದ್ದ ಜಾಗವನ್ನು ನುಂಗಿತು. ಕೀಳದೆ ಉಳಿದಿದ್ದ ‘ಶುಭವಿವಾಹ’ ಕಮಾನು ಒಮ್ಮೆ ಬಾಗಿ, ತೇಲಿ ಹೊರಟಿತು.



“ಹೋತು ನನ್ನ ಕಮಾನು,” ಎಂದ ನಸೀರುದ್ದೀನ. “ಕೆಳಗ ಹೊಳಿ ದಂಡ್ಯಾಗಿನ ದೇವ್ರು ತಿಂಥಣಿ ಮೌನಪ್ಪಗೂ ಆಮಂತ್ರಣ ಮುಟ್ತು ಬಿಡ್ರಿ!”

ದಂಡೆಯೆಲ್ಲ ನಗೆ. ಹಂಚಿನ ಹೋಳಿಗೆ ಇನ್ನೂ ಬಿಸಿಯಿತ್ತು. ಜಗದೇವಪ್ಪ ಅದನ್ನು ಮುರಿದು ಮೊದಲ ತುತ್ತನ್ನು ಮಗಳ ಬಾಯಿಗಿಟ್ಟ. ಅಷ್ಟರಲ್ಲಿ ಅಳಿಯನಾಗಲಿರುವ ಬಸುವಿನ ಫೋನು.

“ಮಾವಾರ, ಹಳ್ಳ ಬಂದದಂತಲ್ರಿ? ನಾಳೆ ಹೆಂಗ್ರಿ?”

“ನೀರು ಇಳದ್ರೂ ಹಳ್ಳದಾಗ ಗಾಡಿ ಇಳಸಬ್ಯಾಡ್ರಿ. ಸುತ್ತು ಹಾಕಿ ಡಾಂಬರ್ ರೋಡಿಗೇ ಬರ್ರಿ. ನಾಳೆ ಹತ್ತಕ್ಕ, ಸಾಲಿ ಅಂಗಳ.” ಮಗಳತ್ತ ನೋಡಿ ಕಣ್ಣು ಮಿಟುಕಿಸಿದ. “ಮತ್ತ, ಮೋಡದಂಗ ಕುಂತು ಉಣಬೇಕು ನೋಡ್ರಿ!”