ಬಿಪಿ ಏರಿದವರ ಬೆಂಚು

"ಯವ್ವಾ, ಬಿಪಿ ಮತ್ತ ಏರೇತಿ. ಗುಳಿಗಿ ನುಂಗಾಕತ್ತಿ ಹೌದಿಲ್ಲೋ?" ಹಂಪವ್ವನ ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತ ಡಾಕ್ಟರ್ ಅಮೃತಾ ಕೇಳಿದಳು.

"ದಿನಾ ನುಂಗ್ತೀನ್ರಿ ಮೇಡಮ್ಮಾರ." ಹಸಿ ಸುಳ್ಳು. ಗುಳಿಗೆಯನ್ನೆಲ್ಲ ಹಂಪವ್ವ ಬಚ್ಚಲಿಗೆ ಹಾಕುತ್ತಿದ್ದಳು.

ಮೊದಲು ಗಂಗಾವತಿಯ ಈ ದವಾಖಾನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೊಸದಾಗಿ ಬಂದ ಅಮೃತಾ ಗೋಡೆಯ ಹಲಗೆಯ ಮೇಲೆ ಒಂದು ಕೆರೆಯ ಚಿತ್ರ ಬರೆದಳು. ಕಾಲುವೆಯಿಂದ ರೋಗಿಗಳು ಬರುತ್ತಾರೆ, ತೂಬಿನಿಂದ ಹೋಗುತ್ತಾರೆ, ನಡುವೆ ನಿಂತ ನೀರೆಂದರೆ ಬೆಂಚಿನ ಮೇಲೆ ಕಾಯುವವರು. ಬಿಪಿ ಹತೋಟಿಯಲ್ಲಿದ್ದವರಿಗೆ ಮೂರು ತಿಂಗಳ ಗುಳಿಗೆ ಒಮ್ಮೆಲೇ ಕೊಟ್ಟು ಕಳಿಸಿದರೆ ಕೆರೆ ಇಳಿಯುತ್ತದೆ. ಏರಿದವರನ್ನು ಮಾತ್ರ ಪ್ರತಿ ಮಂಗಳವಾರ ಕರೆದು ಸಾವಕಾಶವಾಗಿ ನೋಡಬಹುದು. ನಗರಸಭೆಯವರಿಗೂ ಇದು ಹಿಡಿಸಿತು. ಊರಿನ ದವಾಖಾನೆಗಳಲ್ಲೆಲ್ಲ ಅದೇ ನಿಯಮವಾಯಿತು. ಸುಳ್ಳೇಕೆ ಹೇಳಬೇಕು, ಕೆರೆ ಇಳಿದೇ ಇಳಿಯಿತು.

ಹಂಪವ್ವನಿಗೆ ಬೇಕಾಗಿದ್ದುದು ಆ ನಿಂತ ನೀರೇ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಅಕ್ಕಿ ಗಿರಣಿಯ ಕೂಲಿ ಬಿಟ್ಟ ಮೇಲೆ ಉಂಡೆಯಾ ಎನ್ನುವವರೂ ಇಲ್ಲ. ಬೆಂಚಿನ ಮೇಲೆ ಹನುಮಂತಮ್ಮನ ಜೊತೆ ಕಷ್ಟಸುಖ ಮಾತಾಡಿದರೆ ಉಳಿದ ದಿನಗಳು ಹೇಗೋ ಸಾಗುತ್ತಿದ್ದವು. ಹನುಮಂತಮ್ಮನ ಮನೆಗೇ ಹೋಗೋಣವೆಂದರೆ ಅವಳ ಸೊಸೆ ಮಹಾ ಗಡಸು. ದವಾಖಾನೆಗೆ ಎಂದರೆ ಮಾತ್ರ ಅತ್ತೆಯನ್ನು ಹೊಸಲು ದಾಟಲು ಬಿಡುವವಳು. ಹನುಮಂತಮ್ಮ ಮೂರು ತಿಂಗಳ ಗುಳಿಗೆ ಕಟ್ಟಿಕೊಂಡು ಹೋದವಳು ಮತ್ತೆ ಬರಲಿಲ್ಲ. ಎಂದಾದರೊಂದು ಮಂಗಳವಾರ ಬಂದಾಳೆಂಬ ಆಸೆಗೆ ಹಂಪವ್ವ ಗುಳಿಗೆ ಬಿಟ್ಟಿದ್ದಳು. ಹುಚ್ಚು ಮುದುಕಿ, ಯಾರಿಗೂ ಹೇಳಿರಲಿಲ್ಲ.

ಇವತ್ತೂ ಹೊರಗೆ ಬಂದರೆ ಬೆಂಚು ಖಾಲಿ. ಅವಳೊಬ್ಬಳೇ ಕೂತಳು. ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಹನುಮಂತಮ್ಮ ಬಂದಳು.

"ಎವ್ವಾ, ಮೂರು ತಿಂಗಳು ಆಗೇ ಇಲ್ಲಲ್ಲಬೇ!" ಎಂದು ಹಂಪವ್ವ ಹಿಗ್ಗಿನಿಂದ ಸರಿದು ಜಾಗ ಮಾಡಿದಳು.

ಹನುಮಂತಮ್ಮ ಪಕ್ಕದಲ್ಲಿ ಕುಸಿದು ಕೂತು ದನಿ ತಗ್ಗಿಸಿದಳು. "ನುಂಗೂದು ಬಿಟ್ಟೀನಿ. ಏರಿದ್ರ ವಾರಕ್ಕೊಮ್ಮಿ ಕರೀತಾರಂತ. ನೀ ಸಿಗ್ತಿ ಅಂತ ಬಂದೆ. ತಲಿ ಗಿಮ್ಮಂತೈತಿ, ಕಣ್ಣಿಗಿ ಕತ್ತಲಿ ಬರಾಕತ್ತೈತಿ."

ಹಂಪವ್ವ ಅವಳ ಮುಖ ನೋಡಿದಳು. ಕಣ್ಣು ಕೆಂಪಡರಿದ್ದವು, ತುಟಿ ಒಣಗಿತ್ತು. ಸುಮ್ಮನಿದ್ದರೆ ಮುಂದಿನ ಮಂಗಳವಾರವೂ ಇವಳು ಬರುತ್ತಾಳೆ. ಬದುಕಿದ್ದರೆ ಬರುತ್ತಾಳೆ.

"ಮೇಡಮ್ಮಾರ, ಲಗೂನ ಬರ್ರಿ," ಎಂದು ಹಂಪವ್ವ ಕೂಗಿದಳು. "ಇಕಿ ಗುಳಿಗಿ ನುಂಗಿಲ್ರಿ. ನಾನೂ ನುಂಗಿಲ್ರಿ. ಈ ಬೆಂಚಿನ ಮ್ಯಾಲ ಒಬ್ಬರಿಗೊಬ್ರು ಸಿಗಬೇಕಂತ ಬಿಟ್ಟೀವ್ರಿ."

ಅಮೃತಾ ಓಡಿ ಬಂದು ಹನುಮಂತಮ್ಮನ ಬಿಪಿ ನೋಡಿದಳು. ಬೈಯಲಿಲ್ಲ. ಇಬ್ಬರಿಗೂ ಗುಳಿಗೆ, ನೀರು ಕೊಟ್ಟು, ಎದುರಿಗೇ ನುಂಗಿಸಿದಳು. ಹಲಗೆಯ ಕಡೆ ಒಮ್ಮೆ ನೋಡಿ, "ಇಳಿಯೋ ಮಟ ಇಲ್ಲೇ ಕುಂದರ್ರಿ," ಎಂದಳು.

ಕೂತರು. ಇಷ್ಟು ದಿನ ಕೂಡಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ, ಇಬ್ಬರಿಗೂ ಒಂದೂ ನೆನಪಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮೃತಾ ಹನುಮಂತಮ್ಮನ ತೋಳಿಗೆ ಮತ್ತೆ ಪಟ್ಟಿ ಸುತ್ತಿ, "ಇಳ್ಯಾಕತ್ತೈತಿ," ಎಂದಳು.

"ಭಾಳ ಛಲೋ ಆತ್ರಿ," ಎಂದಳು ಹಂಪವ್ವ. ಹನುಮಂತಮ್ಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಎರಡೂ ಕೈಯಿಂದ ಹಿಡಿದಳು.