ಬಾಚಣಿಗೆಯಲ್ಲೊಂದು ಕೂದಲು

“ಕುಕ್ಕರ್ ಇಲ್ಲಿದೆ, ಬನ್ರೀ!” ಎಂದು ಸಹೋದ್ಯೋಗಿ ಪುರುಷೋತ್ತಮ ಅಡುಗೆಮನೆಯಿಂದ ಎರಡನೆಯ ಸಲ ಕೂಗಿದರೂ ಮಧುಕರ ಹಜಾರದ ಗೋಡೆ ಬಿಟ್ಟು ಬರಲಿಲ್ಲ.

ಪರದೇಶದ ಆ ಊರಿನ ಸಿರಿವಂತರ ಬಡಾವಣೆ ರುಂಡಾದಲ್ಲಿದ್ದ ಒಕಾಡಾ ದಂಪತಿ ಜಪಾನಿಗೆ ಮರಳುವವರಿದ್ದರು. ೨೦೦೬ರ ಆ ಶನಿವಾರ ಅವರ ಮನೆಯ ಸಾಮಾನೆಲ್ಲ ಮಾರಾಟಕ್ಕಿತ್ತು. ಮರೆತರೂ ತಾನೇ ಆರುವ ಕರೆಂಟಿನ ಕುಕ್ಕರಿಗೆಂದು ಮಧುಕರ ಬಂದಿದ್ದ. ಹೆಂಡತಿ ಮೈಥಿಲಿ ಮೈಸೂರಿಗೆ ಹೋಗಿ ಮೂರು ತಿಂಗಳು. ಜಗಳವಿಲ್ಲ, ಕಣ್ಣೀರಿಲ್ಲ, ಯಾವಾಗ ಬರ್ತೀಯ ಎಂದದ್ದಕ್ಕೆ “ನೋಡೋಣ” ಎಂದಿದ್ದಳು, ಅಷ್ಟೆ.

ಗೋಡೆಯಲ್ಲಿದ್ದದ್ದು ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಹಳೆಯ ಚಿತ್ರ. ಬೆಟ್ಟವಿಲ್ಲ, ಕಡಲಿಲ್ಲ. ಒಂದು ಕನ್ನಡಿ, ಒದ್ದೆ ಬಟ್ಟೆ, ಕೆಟಲು, ಬಾಚಣಿಗೆ. ಹೆಂಗಸಿನ ಸುಳಿವಿಲ್ಲ. ಆದರೆ ಬಾಚಣಿಗೆಯ ಹಲ್ಲಿನಲ್ಲಿ ಒಂದೇ ಒಂದು ಕೂದಲು ಸಿಕ್ಕಿಕೊಂಡಿತ್ತು.

“ಅದು ಮಾರುವುದಕ್ಕಲ್ಲ,” ಎಂದರು ಮಿಸೆಸ್ ಒಕಾಡಾ, ನಿಧಾನದ ಇಂಗ್ಲಿಷಿನಲ್ಲಿ. “ಕೂದಲನ್ನು ಕೆತ್ತಲು ಬರುವುದಿಲ್ಲ. ಎರಡೂ ಪಕ್ಕದ ಮರವನ್ನು ಕೆತ್ತಿ ತೆಗೆದು, ಕೂದಲನ್ನು ಉಳಿಸಿಕೊಳ್ಳಬೇಕು.”

ಮಧುಕರ ಆ ಕೂದಲಿನ ಹತ್ತಿರಕ್ಕೆ ಬಗ್ಗಿದ. ಔಷಧ ಕಾರ್ಖಾನೆಯಲ್ಲಿ ಮಾತ್ರೆಯ ಮೇಲಿನ ಸಣ್ಣ ಬಿರುಕನ್ನೂ ಹಿಡಿಯುವವನೆಂದು ಅವನಿಗೆ ಹೆಸರಿತ್ತು. ಇಲ್ಲಿ ಯಾರೋ ಒಬ್ಬ, ಹೆಂಗಸೊಬ್ಬಳು ಇಟ್ಟು ಹೋದ ಬಾಚಣಿಗೆಯ ಮುಂದೆ ಎಷ್ಟು ದಿನ ಕೂತಿದ್ದನೋ! ಇಷ್ಟೊಂದು ನೋಡಬಹುದೆಂದು ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಅವನಿಗೆ ದುಃಖವಾಯಿತು.

“ಮೈಥಿಲಿ ಅವ್ರು ಯಾವಾಗ್ರೀ ವಾಪಸ್?” ಕಾರಿನಲ್ಲಿ ಪುರುಷೋತ್ತಮ ಕೇಳಿದ.

“ಬರ್ತಾಳೆ. ಸಾಮಾನೆಲ್ಲ ಇಲ್ಲೇ ಇದ್ಯಲ್ಲ.”

“ಎಲ್ಲಾ ಇದ್ಯಾ? ನೋಡಿದ್ರಾ?”

“ಟ್ರಾಫಿಕ್ ಜಾಸ್ತಿ ಇವತ್ತು.”

ನ್ಗಾರಾ ಬಡಾವಣೆಯ ತನ್ನ ಮನೆಯಲ್ಲಿ ಕುಕ್ಕರನ್ನು ಬಾಗಿಲಲ್ಲೇ ಇಟ್ಟು ಅವನು ಕೋಣೆ ಕೋಣೆ ಸುತ್ತಿದ. ಬೇಕಾದದ್ದನ್ನೆಲ್ಲ ಒಯ್ದಿದ್ದರೆ ಅವಳು ಬರುವುದಿಲ್ಲ, ಬಿಟ್ಟಿದ್ದರೆ ಬರುತ್ತಾಳೆ. ಆದರೆ ಏನಿತ್ತೆಂದು ಗೊತ್ತಿದ್ದವನಿಗಲ್ಲವೆ ಏನಿಲ್ಲವೆಂದು ಗೊತ್ತಾಗುವುದು? ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆಯೇ? ಹನ್ನೊಂದು ವರ್ಷ ಒಂದೇ ಸೂರಿನಡಿ ಬಾಳಿದ ಮಹಾನುಭಾವ. ಬಾಚಣಿಗೆ ಎರಡಿದ್ದವು. ಅವಳದು ಯಾವುದು?

ಮಲಗುವ ಕೋಣೆಯಲ್ಲಿ, ಬೀರುವಿನ ಪಕ್ಕ, ಒಂದು ಬರಿಯ ಮೊಳೆ. ಅದರ ಕೆಳಗೆ, ಮಾಸಿದ ಗೋಡೆಯಲ್ಲಿ, ಊಟದ ತಟ್ಟೆಯಗಲದ ಒಂದು ಬಿಳಿಯ ದುಂಡು ಗುರುತು.

ಹಜಾರದಲ್ಲಿ ಫೋನು ರಿಂಗಾಯಿತು. ಶನಿವಾರ ಈ ಹೊತ್ತಿಗೆ ಮಾಡುವವಳು ಅವಳೇ. ಇಲ್ಲೇನಿತ್ತು ಎಂದು ಕೇಳಿದರೆ ಹೇಳಿಯಾಳು. ಕೇಳಿದರೆ, ಇಷ್ಟು ವರ್ಷ ನೋಡಿಯೇ ಇಲ್ಲವೆಂದು ತಾನೇ ಒಪ್ಪಿಕೊಂಡಂತೆ.

ಎಷ್ಟು ಚೆಂದವಿತ್ತು ಆ ಗುರುತಿನ ಅಂಚು! ಹನ್ನೊಂದು ವರ್ಷದ ಧೂಳು, ಹೊಗೆ ಅದೊಂದನ್ನು ಮಾತ್ರ ಬಿಟ್ಟು ಎಲ್ಲವನ್ನೂ ಮುಟ್ಟಿದ್ದವು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಮಧುಕರ ಆ ಬಿಳುಪಿನ ಮೇಲೆ ಅಂಗೈ ಇಟ್ಟ, ಮತ್ತೊಂದು ಅಂಗೈಯನ್ನೂ ಇಟ್ಟ. ಎರಡು ಕೈಗಳೂ ಅದನ್ನು ಮುಚ್ಚಲು ಸಾಲಲಿಲ್ಲ.