ಗುರುಬಸಣ್ಣನವರ ಕರೆಂಟು ಬೀಡಿ

ಕೂಡ್ಲಿಗಿಯ ಬಸ್ ನಿಲ್ದಾಣದಿಂದ ಪೇಟೆಯ ಕಡೆಗೆ ಬರುವ ಜನಜಂಗುಳಿಯಲ್ಲಿ ಗುರುಬಸಣ್ಣನವರನ್ನು ಗುರುತಿಸಲು ಮುಖ ಕಾಣಬೇಕಾಗಿಲ್ಲ, ನಡಿಗೆ ಕಂಡರೆ ಸಾಕು. ಮಳೆಯ ಸುಳಿವಿಲ್ಲದೆ ರಸ್ತೆಯೆಲ್ಲ ಕೆಂಧೂಳಾಗಿ ಹಾರುತ್ತಿರುವ ದಿನಗಳಲ್ಲೂ ಅವರು ಹರಿಯುವ ಹಳ್ಳವನ್ನು ದಾಟುತ್ತಿರುವವರ ಹಾಗೆ ಎಡಗೈಯ ಎರಡು ಬೆರಳಲ್ಲಿ ಧೋತರದ ಅಂಚನ್ನು ಎತ್ತಿ ಹಿಡಿದು, ಪ್ರತಿ ಹೆಜ್ಜೆಗೂ ಮುನ್ನ ನೆಲದ ಅನುಮತಿ ಬೇಡುವಂತೆ ಒಂದು ಕ್ಷಣ ತಡೆದು, ಎದುರಿನಿಂದ ಬಂದ ಲಾರಿ ಎಬ್ಬಿಸಿದ ಧೂಳು ಪೂರ್ತಿ ಕೆಳಗೆ ಕೂರುವವರೆಗೂ ಯಾರದಾದರೂ ಅಂಗಡಿಯ ಕಟ್ಟೆಯ ಮೇಲೆ ನಿಂತು, ಆಮೇಲೆ ಮುಂದುವರಿಯುತ್ತಾರೆ. ಮನೆಯಿಂದ ಅಂಗಡಿಗೆ ನಾವು ಒಂದು ಬೀಡಾ ಮುಗಿಯುವುದರೊಳಗೆ ತಲುಪಿದರೆ ಅವರಿಗೆ ಮೂರು ಬೀಡಾಗಳ ಕಾಲ ಬೇಕು. ಆದರೆ ತಲುಪಿದಾಗ ಧೋತರ ಮನೆಯಲ್ಲಿ ಉಟ್ಟಾಗ ಇದ್ದಷ್ಟೇ ಬೆಳ್ಳಗಿರುತ್ತದೆ.

ಅವರದು ಅರಿವೆ ಅಂಗಡಿ. ನಾನು ಆ ಅಂಗಡಿಯ ಹಳೆಯ ಗಿರಾಕಿ. ಕೊಂಡ ಅರಿವೆ ಕಡಿಮೆ, ಕೂತು ಕೇಳಿದ ಮಾತು ಹೆಚ್ಚು. ಗಾದಿಯ ಮೇಲೆ ಹಾಸಿದ ಬಿಳಿಯ ಹಚ್ಚಡದ ಮೇಲೆ ಒಂದು ನೊಣ ಕೂತರೆ ಅವರು ಮಾತು ನಿಲ್ಲಿಸಿ ಅದು ಏಳುವವರೆಗೆ ನೋಡುತ್ತಾರೆ, ಎದ್ದ ಮೇಲೆ ಅದು ಕೂತಿದ್ದ ಜಾಗವನ್ನು ಒರೆಸುತ್ತಾರೆ. ಎದುರಿನ ಹೋಟೆಲಿನಿಂದ ಚಹಾ ಬಂದರೆ, ತೊಳೆದು ತಂದ ಗ್ಲಾಸನ್ನೇ ಮತ್ತೊಮ್ಮೆ ತಾವು ತೊಳೆದು, ಬೆಳಕಿಗೆ ಹಿಡಿದು, "ಅಲ್ಲಿಗಾತು" ಎಂದ ಮೇಲೆಯೇ ಅದರೊಳಗೆ ಚಹಾ ಬೀಳಬೇಕು. ಈ "ಅಲ್ಲಿಗಾತು" ಎಂಬುದು ಅವರ ಪೂರ್ಣವಿರಾಮ. ಗಿರಾಕಿಗೆ ಅಳೆದು ಹರಿದುಕೊಟ್ಟ ಅರಿವೆಗೂ, ಬಂಧುಗಳ ಜಗಳಕ್ಕೆ ತಾವು ಹೇಳಿದ ತೀರ್ಪಿಗೂ ಅದೇ ಮುದ್ರೆ.

ಇಂಥ ಶುಚಿಷ್ಮಂತರು ಹರೆಯದಿಂದಲೂ ಬಿಡದೆ ಸಿಗರೇಟು ಸೇದುತ್ತಿದ್ದರೆಂದರೆ ಹೊರಗಿನವರು ನಂಬಲಿಕ್ಕಿಲ್ಲ. ಊರು ನಂಬಿತ್ತು, ಏಕೆಂದರೆ ಊರಿಗೆ ಅವರ ಕೋಟು ಗೊತ್ತಿತ್ತು. ಮನೆಯ ಹಿತ್ತಲಿನ ಗೂಟಕ್ಕೆ ಒಂದು ಹಳೆಯ ಉದ್ದನೆಯ ಕೋಟು ಸದಾ ನೇತಾಡುತ್ತಿತ್ತು. ಸೇದಬೇಕೆನಿಸಿದಾಗ ಅವರು ಅಂಗಡಿಯ ಬಿಳಿಯ ಅಂಗಿಯನ್ನು ಕಳಚಿ, ಕೋಟು ತೊಟ್ಟು, ತಲೆಗೆ ಟವೆಲು ಸುತ್ತಿ, ಹಿತ್ತಲಿನ ಕಲ್ಲಿನ ಮೇಲೆ ಕೂತು ಯಜ್ಞಕ್ಕೆ ಕುಳಿತವರ ಗಾಂಭೀರ್ಯದಲ್ಲಿ ಹೊಗೆ ಬಿಟ್ಟು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಮತ್ತೆ ಬಿಳಿಯ ಅಂಗಿಗೆ ಮರಳುತ್ತಿದ್ದರು. ಹೊಗೆಯ ವಾಸನೆ ಅರಿವೆಯ ಥಾನಿಗೆ ಹತ್ತಬಾರದು ಎಂಬುದಷ್ಟೇ ಅವರ ಕಾಳಜಿ. ಆ ಹೊಗೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಅಡುಗೆಮನೆಯಲ್ಲಿದ್ದ ಹೆಂಡತಿಯ ಎದೆಗೆ ಹತ್ತುತ್ತದೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ.

ಆ ಹೆಂಡತಿ ಕೊಟ್ರಬಸಮ್ಮ. ಕಡಿಮೆ ಮಾತಿನ, ಹರಿತ ನಾಲಿಗೆಯ ಹೆಂಗಸು. ಕೆಲವು ವರ್ಷಗಳಿಂದ ಆಕೆಗೆ ಉಬ್ಬಸ. ಚಳಿಗಾಲದಲ್ಲಿ ಉಸಿರು ಎಳೆದುಕೊಳ್ಳುವ ಸದ್ದು ಪಡಸಾಲೆಯಲ್ಲಿ ಬೇರೆ ಮಲಗುತ್ತಿದ್ದ ಗಂಡನಿಗೂ ಕೇಳುತ್ತಿತ್ತು. ಹೊಸಪೇಟೆಯ ಡಾಕ್ಟರು, "ನಿಮ್ಮ ಮನಿಯಾಗ ಯಾರು ಸೇದ್ತಾರ?" ಎಂದು ಕೇಳಿದಾಗ ಆಕೆ ಗಂಡನ ಕಡೆ ನೋಡಲಿಲ್ಲ. "ಒಂದು ಕೋಟು ಸೇದ್ತೈತ್ರಿ" ಎಂದಳು. ಆ ಮಾತು ಗುರುಬಸಣ್ಣನವರಿಗೆ ನಾಟಿತು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಒರೆಸುವುದನ್ನೇ ಮರೆತು ಕೂತರಂತೆ.

ಬಿಡಲು ನೋಡಿದರು. ಏಲಕ್ಕಿ ಅಗಿದರು, ಸೋಂಪು ಅಗಿದರು, ಸಿಟ್ಟಾಗಿ ಗಿರಾಕಿಗಳನ್ನೇ ಅಗಿಯುವ ಹಂತಕ್ಕೆ ಬಂದರು. ಅಷ್ಟರಲ್ಲಿ ಕುವೈತಿನಲ್ಲಿ ಗಾಡಿ ಓಡಿಸುವ ಕೊಟ್ರಬಸಮ್ಮನ ತಮ್ಮ ಅಮರೇಶ ರಜೆಗೆ ಬಂದವನು ಅಕ್ಕನ ಗಂಡನ ಕೈಯಲ್ಲಿ ಒಂದು ಉಕ್ಕಿನ ಕೊಳವೆ ಇಟ್ಟ. ಕೆಳಗೆ ಬ್ಯಾಟರಿ, ನಡುವೆ ರಸ ತುಂಬುವ ಗಾಜಿನ ಬುಡ್ಡಿ, ಅದರೊಳಗೆ ಹತ್ತಿ ಸುತ್ತಿದ ತಂತಿಯ ಸುರುಳಿ, ಮೇಲೆ ಬಾಯಿಗಿಡುವ ತುದಿ. ಗುಂಡಿ ಒತ್ತಿ ಎಳೆದರೆ ರಸ ಕಾದು ಆವಿಯಾಗಿ ಬರುತ್ತದೆ. "ಇದರಾಗ ಬೆಂಕಿ ಇಲ್ಲ, ಬೂದಿ ಇಲ್ಲ ಮಾವಾ. ಬರೇ ಆವಿ" ಎಂದ ಅಮರೇಶ. ಬೂದಿ ಇಲ್ಲ ಎಂಬ ಒಂದು ಮಾತಿಗೆ ಗುರುಬಸಣ್ಣ ಸೋತರು. ನಮ್ಮ ದೇಶದಲ್ಲಿ ಇಂಥ ಇ-ಸಿಗರೇಟಿನ ಮಾರಾಟಕ್ಕೆ ನಿಷೇಧವಿದೆ ಎಂದು ನಾನು ಹೇಳಿದರೆ, "ನಾ ಎಲ್ಲಿ ಮಾರಾಕತ್ತೀನಿ?" ಎಂದು ಮುಖ ತಿರುಗಿಸಿದರು. ಚಹಾದ ಗ್ಲಾಸನ್ನು ಬೆಳಕಿಗೆ ಹಿಡಿಯುವ ಮನುಷ್ಯ ಈ ಒಂದು ವಸ್ತುವನ್ನು ಬೆಳಕಿಗೆ ಹಿಡಿಯಲಿಲ್ಲ. ಪೇಟೆಯ ಜನ ಅದಕ್ಕೆ ಕರೆಂಟು ಬೀಡಿ ಎಂದು ಹೆಸರಿಟ್ಟರು.

ಕೋಟಿಗೆ ಕೆಲಸ ತಪ್ಪಿತು. ಹೊಗೆಯ ವಾಸನೆ ಇಲ್ಲವೆಂಬ ಧೈರ್ಯದಲ್ಲಿ ಅವರು ಹಿತ್ತಲು ಬಿಟ್ಟು ಪಡಸಾಲೆಗೆ, ಪಡಸಾಲೆಯಿಂದ ಮಂಚದ ಮೇಲಕ್ಕೆ ಬಂದರು. "ಈಗ ಹೆಂಗ?" ಎಂದು ಹೆಂಡತಿಯನ್ನು ಕೇಳಿದರೆ ಆಕೆ, "ಮಾವಿನಹಣ್ಣಿನ ವಾಸನಿ ಬರ್ತೈತಿ. ಕೆಮ್ಮು ಮಾತ್ರ ಹಳೇದ ಐತಿ" ಎಂದಳು.

ಕೆಲವು ವಾರಗಳ ಮೇಲೆ ಆವಿ ಸರಿಯಾಗಿ ಬಾರದೆ ಗುರುಬಸಣ್ಣ ಅದನ್ನು ಬಿಚ್ಚಿದರು. ಬಾಯಿಗಿಡುವ ತುದಿಯ ಒಳಗೆಲ್ಲ ಕಂದು ಬಣ್ಣದ ಅಂಟು, ಜೋನಿಬೆಲ್ಲದಂಥದ್ದು. "ಇಷ್ಟು ದಿನ ಇದನ್ನ ಬಾಯಾಗ ಇಟ್ಕಂಡಿದ್ನಲ್ಲ" ಎಂದು ಅಂದು ಇಡೀ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆಯೇ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪುಷ್ಪಲತಾಳ ಕನ್ನಡಕದಂಗಡಿಗೆ ಹೋದರು. ಕನ್ನಡಕ ತೊಳೆಯಲು ಆಕೆ ಒಂದು ಅಲ್ಟ್ರಾಸೋನಿಕ್ ಮಷೀನು ಇಟ್ಟಿದ್ದಳು. ಸಣ್ಣ ಉಕ್ಕಿನ ತೊಟ್ಟಿ; ಕಿವಿಗೆ ನಿಲುಕದ ಸದ್ದಿನಿಂದ ಅದರ ನೀರು ನಡುಗುತ್ತದೆ, ನಡುಗಿದ ನೀರಿನ ಸೂಕ್ಷ್ಮ ಗುಳ್ಳೆಗಳು ಸಂದಿಗೊಂದಿಯ ಕೊಳೆಯನ್ನು ಎಬ್ಬಿಸುತ್ತವೆ. ಅವರ ಕನ್ನಡಕ ಅದರಲ್ಲಿ ಮಿಂದೇಳುವುದನ್ನು ಅವರು ಅನೇಕ ಸಲ ಮಂತ್ರಮುಗ್ಧರಾಗಿ ನೋಡಿದ್ದರು.

"ಏನ್ರಿ ಸಾವ್ಕಾರ್ರ ಇದು, ಪೆನ್ನಾ?" ಎಂದಳು ಪುಷ್ಪಲತಾ.

"ಔಷಧಿ ಎಳಿಯೋದು, ತಂಗೀ."

ಆಕೆ ಮೂಸಿ ನೋಡಿದಳು. "ಔಷಧಿ ಅಲ್ರಿ ಇದು. ಮಂದಿ ಕಣ್ಣಿಗಿಡೋದನ್ನ ತೊಳಿಯೋ ನೀರಾಗ ನಾ ಇದನ್ನ ಹಾಕಂಗಿಲ್ಲ." ಅವರ ಮುಖ ಬಾಡಿದ್ದನ್ನು ಕಂಡು ಮನಸ್ಸು ಕರಗಿತೋ ಏನೋ, ಒಂದು ಗಾಜಿನ ಲೋಟದಲ್ಲಿ ಬೇರೆ ನೀರು ಹಾಕಿ, ಸುರುಳಿ ತೆಗೆದ ಬುಡ್ಡಿಯನ್ನೂ ತುದಿಯನ್ನೂ ಅದರಲ್ಲಿ ಮುಳುಗಿಸಿ, ಲೋಟವನ್ನೇ ತೊಟ್ಟಿಯ ನೀರಿನಲ್ಲಿ ಇಟ್ಟಳು. "ಬ್ಯಾಟರಿ ಐತಲ್ಲ, ಅದನ್ನ ಮಾತ್ರ ನೀರಿಗೆ ತೋರಿಸಬ್ಯಾಡ್ರಿ. ಆ ಹತ್ತಿ ಸುರುಳಿನೂ ಅಷ್ಟ, ತೊಳದ್ರ ಕೆಡತೈತಿ." ಮಷೀನು ಗುಂಯ್‌ಗುಟ್ಟಿತು. ಲೋಟದ ನೀರು ನೋಡನೋಡುತ್ತ ತೆಳು ಚಹಾದ ಬಣ್ಣಕ್ಕೆ ತಿರುಗಿತು. ಗುರುಬಸಣ್ಣನವರ ಮುಖದಲ್ಲಿ ಮೂಡಿದ ಪ್ರಸನ್ನತೆ ಮೊಮ್ಮಗುವಿನ ಮೊದಲ ಹಲ್ಲು ಕಂಡವರದಾಗಿತ್ತು ಎಂದು ಪುಷ್ಪಲತಾ ಈಗಲೂ ಹೇಳಿ ನಗುತ್ತಾಳೆ.

ಆ ತಿಂಗಳಲ್ಲೇ ಅವರ ಮನೆಗೂ ಒಂದು ಮಷೀನು ಬಂತು. ಆಮೇಲಿನ ಕಥೆಯಲ್ಲಿ ಅವರು ಸೇದಿದ್ದಕ್ಕಿಂತ ತೊಳೆದದ್ದೇ ಹೆಚ್ಚು. ಭಾನುವಾರದ ಬೆಳಗು ಪೂರ್ತಿ ಅದಕ್ಕೇ ಮೀಸಲು: ಬಿಳಿಯ ಅರಿವೆಯ ಮೇಲೆ ಭಾಗಗಳನ್ನು ಒಂದೊಂದಾಗಿ ಬಿಚ್ಚಿಡುವುದು, ನೀರು ಬದಲಿಸುವುದು, ಬೆಳಕಿಗೆ ಹಿಡಿಯುವುದು, ಮತ್ತೆ ಮುಳುಗಿಸುವುದು. ಯಾರಾದರೂ ಹೋದರೆ ಮಷೀನಿನ ಗುಣಗಾನ. ಕೊಟ್ರಬಸಮ್ಮ ಇದನ್ನೆಲ್ಲ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅಮರೇಶ ಕೊಟ್ಟಿದ್ದು ಎರಡು ಬುಡ್ಡಿ. ಒಂದು ಭಾನುವಾರ ಆಕೆ ಎರಡನೆಯದನ್ನು ಒಯ್ದು, ಬಿಸಿನೀರಿಗೆ ಒಂದಿಷ್ಟು ಸೋಪು ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಂದು, ಮಷೀನಿನಿಂದ ಎದ್ದ ಬುಡ್ಡಿಯ ಪಕ್ಕದಲ್ಲಿಟ್ಟಳು.

"ಹೇಳ್ರಿ, ನಿಮ್ಮ ಮಷೀನಿಂದು ಯಾವ್ದು?"

ಅವರು ಎರಡನ್ನೂ ಕಿಟಕಿಗೆ ಹಿಡಿದರು, ತಿರುಗಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕೊನೆಗೆ ಒಂದನ್ನು ಎತ್ತಿ ಕೊಟ್ಟರು. ಅದು ಬ್ರಷ್ಷಿನದು.

"ಸಂದ್ಯಾಗ ನೋಡು, ಸಂದ್ಯಾಗ ಮಷೀನ ಚೊಲೊ" ಎಂದು ವಾದಿಸಿದರು. ಅದರಲ್ಲಿ ಸತ್ಯವೂ ಇತ್ತು; ಸೂಜಿ ತೂರದ ರಂಧ್ರಗಳಲ್ಲಿ ಬ್ರಷ್ಷು ಸೋಲುತ್ತದೆ. ಆದರೆ ಆ ದಿನದ ಮಾತು "ಅಲ್ಲಿಗಾತು" ಇಲ್ಲದೆಯೇ ಮುಗಿಯಿತು.

ಬಹುಶಃ ಆ ಸೋಲಿನ ಹಟವೇ ಮುಂದಿನ ಅನಾಹುತಕ್ಕೆ ಕಾರಣ. ಬ್ಯಾಟರಿಯ ಗುಂಡಿಯ ಸುತ್ತ ಒಂದು ಕಪ್ಪು ಗೆರೆ ಅವರನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಬ್ರಷ್ಷಿಗೆ ಅದು ಬಗ್ಗಿರಲಿಲ್ಲ. ಪುಷ್ಪಲತಾಳ ಎಚ್ಚರಿಕೆ ನೆನಪಿದ್ದೂ, 'ಗುಂಡಿಯಷ್ಟೇ' ಎಂದು ತಮಗೆ ತಾವೇ ಹೇಳಿಕೊಂಡು ಬ್ಯಾಟರಿಯನ್ನು ತೊಟ್ಟಿಯಲ್ಲಿ ಅದ್ದಿ ಹಿಡಿದರು; ಕೈ ಜಾರಿತು. ಗೆರೆ ಹೋಯಿತು, ಅದರೊಂದಿಗೆ ಬ್ಯಾಟರಿಯ ಪ್ರಾಣವೂ ಹೋಯಿತು. ಅಮರೇಶನಿಗೆ ಫೋನು ಮಾಡಿದರೆ ಅವನು, "ಮುಂದಿನ ರಜಾಕ್ಕ ತರ್ತೀನಿ ಮಾವಾ, ಅಲ್ಲೀತನಕ ತಡಕೊಳ್ರಿ" ಎಂದ.

ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದವರು ಗೂಟದಿಂದ ಕೋಟು ಇಳಿಸಿ, ಹಿತ್ತಲಿನ ಕಲ್ಲಿನ ಮೇಲೆ ಕೂತು ಸಿಗರೇಟು ಹಚ್ಚಿದರು. ಮುಂದಿನದನ್ನು ಅವರೇ ಅಂಗಡಿಯಲ್ಲಿ ಕೂತು, ಥಾನಿನಲ್ಲಿ ಕಂಡ ನೇಯ್ಗೆಯ ದೋಷವನ್ನು ವಿವರಿಸುವ ನಿರ್ಲಿಪ್ತತೆಯಲ್ಲಿ ನಮಗೆ ಹೇಳಿದರು. ಎಳೆದ ಮೊದಲ ದಮ್ಮು ಬಾಯಲ್ಲಿರುವಾಗಲೇ, ತಿಂಗಳುಗಟ್ಟಲೆ ಕೊಳೆಯನ್ನೇ ಹುಡುಕಿ ಪಳಗಿದ ಬುದ್ಧಿಗೆ ಒಂದು ಕುತೂಹಲ ಹುಟ್ಟಿತಂತೆ: ಇದರ ಮಡ್ಡಿ ಎಷ್ಟಿದ್ದೀತು? ಜೇಬಿನ ಬಿಳಿಯ ಕರವಸ್ತ್ರವನ್ನು ಬಾಯಿಗೆ ಬಿಗಿಯಾಗಿ ಒತ್ತಿ ಹೊಗೆಯನ್ನು ಅದರ ಮೂಲಕ ಊದಿದರು. ತೆಗೆದು ನೋಡಿದರೆ ನಡುವೆ ಒಂದು ಹಳದಿ ಮಿಶ್ರಿತ ಕಂದು ಮಚ್ಚೆ.

ಸಿಗರೇಟನ್ನು ಅಲ್ಲೇ ಬಿಟ್ಟು, ಕೋಟಿನಲ್ಲೇ ಒಳಗೆ ಬಂದು, ಕರವಸ್ತ್ರವನ್ನು ಮಷೀನಿಗೆ ಹಾಕಿದರು. ಮಚ್ಚೆ ಮಾಸಿತು, ಹೋಗಲಿಲ್ಲ. ಸೋಪು ಹಚ್ಚಿ ಕೈಯಲ್ಲಿ ತಿಕ್ಕಿದರು. ಹೋಗಲಿಲ್ಲ. ಸದ್ದು ಕೇಳಿ ಕೊಟ್ರಬಸಮ್ಮ ಏದುಸಿರು ಬಿಡುತ್ತ ಬಂದು ಗೋಡೆ ಹಿಡಿದು ನಿಂತಳು.

"ಏನದು?"

"ಕಲಿ. ಹೋಗವಲ್ದು."

"ಅರಿವಿಗೆ ಕಲಿ ಹತ್ತೋದು ಹೊಸಾದೇನ್ರಿ ನಿಮಗ?"

"ಒಂದ ದಮ್ಮಿಂದು ಇದು." ಅವರು ಹೆಂಡತಿಯ ಕೊರಳ ಕುಳಿ ಏರಿಳಿಯುವುದನ್ನು ನೋಡಿದರು. ಇಷ್ಟು ವರ್ಷ ಕೇಳಿದ್ದರು, ನೋಡಿರಲಿಲ್ಲ. "ನಿನ್ನ ಎದಿಯಾಗ ಎಷ್ಟು ವರ್ಷದ್ದು ಕುಂತೈತೋ. ಅಲ್ಲಿಗೆ ಯಾವ ಮಷೀನ ಇಡ್ಲಿ?"

ಕೊಟ್ರಬಸಮ್ಮ ಕರವಸ್ತ್ರವನ್ನು ಅವರ ಕೈಯಿಂದ ತೆಗೆದುಕೊಂಡು ಹಿಂಡಿ, "ಬಿಸಿಲಿಗೆ ಹಾಕ್ತೀನಿ. ಹೋದ್ರ ಹೋಗ್ತೈತಿ" ಎಂದು ಹಿತ್ತಲಿಗೆ ನಡೆದಳು.

ಅಂದಿನಿಂದ ಅವರು ಸೇದಿಲ್ಲ. ಇದನ್ನು ಹೇಳಿದಷ್ಟು ಸುಲಭವಾಗಿ ಅವರು ಮಾಡಲಿಲ್ಲ. ಅರಿವೆ ಅಳೆಯುವಾಗ ಗಜಕಡ್ಡಿ ಜಾರುತ್ತಿತ್ತು. ಮದುವೆಯ ಜವಳಿಗೆಂದು ಹೊಸಹಳ್ಳಿಯಿಂದ ಬಂದಿದ್ದ ಹಳೆಯ ಗಿರಾಕಿಗಳ ಮೇಲೆ ವಿನಾಕಾರಣ ರೇಗಿ, ಅವರು ಎದ್ದುಹೋದ ಮೇಲೆ ಬಸ್ ನಿಲ್ದಾಣದವರೆಗೆ ಧೋತರದ ಅಂಚು ನೆಲ ಗುಡಿಸುವುದನ್ನೂ ಲೆಕ್ಕಿಸದೆ ಓಡಿ ಕರೆತಂದರು. ಹುರಿಗಡಲೆಯನ್ನು ಜೇಬಿನ ತುಂಬ ತುಂಬಿಕೊಂಡು ತಿರುಗಿದರು. ಕೊಟ್ರಬಸಮ್ಮ ಕೋಟನ್ನು ಬಚ್ಚಲ ಒಲೆಗೆ ಹಾಕಿದಾಗ, "ಅರಿವಿ ಇನ್ನೂ ಗಟ್ಟಿ ಇತ್ತು" ಎಂದು ಗೊಣಗಿದರು. ಅಮರೇಶ ಮುಂದಿನ ರಜೆಯಲ್ಲಿ ತಂದ ಹೊಸ ಕೊಳವೆಯನ್ನು ಡಬ್ಬಿ ಬಿಚ್ಚದೆಯೇ ಅವನ ಚೀಲಕ್ಕೆ ಮರಳಿಸಿದರು. ಆಕೆಯ ಉಬ್ಬಸ ಪೂರ್ತಿ ಹೋಗಿಲ್ಲ. ಆದರೆ ಈಗ ಚಳಿಗಾಲದಲ್ಲೂ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ.

ಮಷೀನು ಪಡಸಾಲೆಯಲ್ಲೇ ಇದೆ. ಓಣಿಯ ಹೆಂಗಸರು ಕಾಲ್ಗೆಜ್ಜೆ, ಮೂಗುಬೊಟ್ಟು ತರುತ್ತಾರೆ. ಪಕ್ಕದ ಮನೆಯ ಮುದುಕಿ ಓಬಮ್ಮ ತನ್ನ ಕಟ್ಟಿಸಿದ ಹಲ್ಲನ್ನು ತರುತ್ತಾಳೆ, ಅದಕ್ಕೆ ಬೇರೆ ಲೋಟ. ಮೊನ್ನೆ ಹಗರಿಬೊಮ್ಮನಹಳ್ಳಿಯಿಂದ ಬಂದ ಒಬ್ಬ ಯುವಕ, ಎಲ್ಲಿಂದ ಸುದ್ದಿ ತಿಳಿದಿತ್ತೋ, ಅಂಗಡಿಯ ಮೂಲೆಗೆ ಕರೆದು, "ಕಾಕಾ, ಕರೆಂಟು ಬೀಡಿ ತೊಳಿಯಾಕ ಆ ಮಷೀನ ತಗಂಡ್ರ ಉಪಯೋಗ ಐತೇನ್ರಿ?" ಎಂದು ಕೇಳಿದ. ಗುರುಬಸಣ್ಣ ಕೈಯಲ್ಲಿದ್ದ ಥಾನನ್ನು ಮಡಿಸಿಟ್ಟರು. ಅವರಿಗೆ ಉಪದೇಶ ಮಾಡಲು ಬರುವುದಿಲ್ಲ, ಸುಳ್ಳು ಹೇಳಲು ಈಗ ಮನಸ್ಸೂ ಬರಲಿಲ್ಲ. "ಗಾಜು, ಉಕ್ಕು ಚೊಲೊ ತೊಳಿತೈತಿ. ಬಿಸಿನೀರು, ಬ್ರಷ್ಷೂ ಅಷ್ಟ ತೊಳಿತಾವು" ಎಂದರು. ಆಮೇಲೆ ದನಿ ತಗ್ಗಿಸಿ, "ನಿನಗ ಮದುವಿ ಆಗೇತೇನಪ್ಪ?" ಎಂದು ಕೇಳಿದರು. ಯುವಕನಿಗೆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ.

ಅತಿ ಶುಚಿಯ ಜನರನ್ನು ಕಂಡು ನಾವು ನಗುತ್ತೇವೆ, ಅವರ ಜತೆ ಪ್ರಯಾಣಕ್ಕೆ ಹೆದರುತ್ತೇವೆ, ಅವರ ಮನೆಯಲ್ಲಿ ಚಹಾ ಚೆಲ್ಲಿದರೆ ಬೆವರುತ್ತೇವೆ. ಅವರು ಮಹಾತ್ಮರೇನಲ್ಲ, ಕಣ್ಣಿಗೆ ಬೀಳದ ಕೊಳೆಯ ವಿಷಯದಲ್ಲಿ ನಮ್ಮೆಲ್ಲರಷ್ಟೇ ಉದಾಸೀನರು, ಕೆಲವೊಮ್ಮೆ ನಮಗಿಂತ ಕ್ರೂರರು. ಧರ್ಮದ ಮಾತು ಅವರನ್ನು ಬದಲಿಸುವುದಿಲ್ಲ, ವೈದ್ಯರ ಗದರಿಕೆಯೂ ಅಷ್ಟೇ. ಆದರೆ ತಾವು ಹಚ್ಚಿದ ಕಲೆ ಒಮ್ಮೆ ಕಣ್ಣಿಗೆ ಬಿತ್ತೋ, ಅದನ್ನು ಇನ್ನೊಬ್ಬರ ಮೇಲೆ ಹಾಕುವ, ಮಡಿಕೆಯಲ್ಲಿ ಮುಚ್ಚುವ, ನಾಳೆಗೆ ಬಿಡುವ ಜಾಣತನ ಅವರಿಗಿಲ್ಲ. ನಮ್ಮಂಥವರು ಪಶ್ಚಾತ್ತಾಪ ಪಟ್ಟು ನಿದ್ರೆಹೋಗುತ್ತೇವೆ; ಅವರು ಅಂಗಿಯ ತೋಳು ಮಡಚಿ ನೀರು ಕಾಯಿಸುತ್ತಾರೆ.